ಹಂತ ಹಂತದ ಸೈಕಲ್ ಪಂದ್ಯ



1903ರ ಜುಲೈ 1ರಂದು ಪ್ಯಾರಿಸ್ಸಿನ ಹೊರವಲಯದಿಂದ 60 ಜನ ಸೈಕಲ್ ಸವಾರರು ಹೊರಟರು. ‘ಲೋಟೋ’ ಎಂಬ ಕ್ರೀಡಾಪತ್ರಿಕೆಗೆ ಓದುಗರು ಬೇಕಿತ್ತು. ವರದಿಗಾರ ಜಿಯೋ ಲೆಫೆವ್ರ್ ಕೊಟ್ಟ ಸಲಹೆಯನ್ನು ಸಂಪಾದಕ ಆನ್ರಿ ದೆಗ್ರಾಂಜ್ ಒಪ್ಪಿ ನಡೆಸಿದ ಪಂದ್ಯ ಅದು: ಟೂರ್ ದ ಫ್ರಾನ್ಸ್. ಆರೇ ಹಂತ, ಒಟ್ಟು 2,428 ಕಿಲೋಮೀಟರ್. ನಾಲ್ಕು ಹಂತಗಳು ನಾನೂರು ಕಿಲೋಮೀಟರ್ ದಾಟಿದ್ದವು. ಮಂಡ್ಯದಿಂದ ಬೆಂಗಳೂರಿಗೆ ಎರಡು ಸಲ ಹೋಗಿಬಂದಷ್ಟು ದೂರವನ್ನು ಒಂದೇ ಬೀಸಿಗೆ, ಕತ್ತಲಲ್ಲೂ ತುಳಿಯಬೇಕು. ಕೊನೆ ಮುಟ್ಟಿದವರು 21 ಜನ. ಗೆದ್ದ ಮೊರೀಸ್ ಗಾರಾಂ ಚಿಕ್ಕಂದಿನಲ್ಲಿ ಹೊಗೆಗೂಡಿನ ಮಸಿ ತೆಗೆಯುತ್ತಿದ್ದವನು. ದುಡಿದು ಗಟ್ಟಿಯಾದ ಕಾಲುಗಳ ಆಟವಿದು ಎಂಬುದು ಅಂದೇ ಗೊತ್ತಾಯಿತು.

1910ರಲ್ಲಿ ಪಂದ್ಯ ಪಿರೆನೀಸ್ ಬೆಟ್ಟ ಹತ್ತಿತು. 1919ರಲ್ಲಿ ಮುಂದಿರುವವನಿಗೆ ಹಳದಿ ಅಂಗಿ ಬಂತು. ಪತ್ರಿಕೆಯ ಕಾಗದದ ಬಣ್ಣವೂ ಹಳದಿಯೇ. ಎರಡು ಮಹಾಯುದ್ಧಗಳು ಮಾತ್ರ ಪಂದ್ಯವನ್ನು ನಿಲ್ಲಿಸಿದವು. ಟಿಕೆಟ್ ಇಲ್ಲ, ಕ್ರೀಡಾಂಗಣವಿಲ್ಲ. ಹೊಲದ ಬದುವಿನಲ್ಲಿ ನಿಂತ ರೈತನೂ ಜಗತ್ತಿನ ಶ್ರೇಷ್ಠ ಆಟಗಾರನನ್ನು ಮಾರು ದೂರದಿಂದ ನೋಡಬಹುದು. ಅದರ ದೊಡ್ಡತನ ಇರುವುದು ಇಲ್ಲಿ ಎಂದೇ ನನ್ನ ನಂಬಿಕೆ.

ನಮ್ಮಲ್ಲಿ 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಪಂದ್ಯಕ್ಕಿಂತ ಹೆಚ್ಚಾಗಿ ಹಲವು ದಿನಗಳ ಸವಾರಿ. ವಿಜಯಪುರ, ಬಾಗಲಕೋಟೆ ಕಡೆಯವರು ಸೈಕಲ್ ಪಂದ್ಯಗಳಲ್ಲಿ ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ್ದಾರೆ. 2026ರ ಜನವರಿಯಲ್ಲಿ ಪುಣೆಯ ಸುತ್ತ ಅಂತರರಾಷ್ಟ್ರೀಯ ಮಾನ್ಯತೆಯ ಹಂತ ಹಂತದ ಪಂದ್ಯವೂ ನಡೆಯಿತು.

ಮಂಡ್ಯ ಜಿಲ್ಲೆಗೆ ಸೈಕಲ್ ಹೊಸದೇನಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಮಳವಳ್ಳಿ, ಮದ್ದೂರಿನ ಹಳ್ಳಿಗಳ ಹೆಣ್ಣುಮಕ್ಕಳೂ ಪೆಡಲ್ ತುಳಿದೇ ಹೈಸ್ಕೂಲಿಗೆ ಹೋದರು. ಕೋವಿಡ್ ಬಂದ ಮೇಲೆ ಆ ಯೋಜನೆ ನಿಂತಿತು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ದಶಪಥದ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋಗಳ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ. ಅಷ್ಟು ವೇಗದ ವಾಹನಗಳ ನಡುವೆ ಸೈಕಲ್ ಸಲ್ಲದು, ನಿಜ. ಆದರೆ ಉಳಿದ ರಸ್ತೆಗಳಿವೆಯಲ್ಲ!

ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ಸುತ್ತಿಬರುವ ಮೂರು ಹಂತದ ಪಂದ್ಯವೊಂದನ್ನು, ಹುಡುಗಿಯರಿಗೂ ಸಮನಾದ ಬಹುಮಾನವಿಟ್ಟು, ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ನಡೆಸಬಹುದು. ಬೆಳಗಿನ ನಾಲ್ಕು ಗಂಟೆ ಕಾಲ ರಸ್ತೆ ಬಿಟ್ಟುಕೊಟ್ಟರೆ ಸಾಕು. ಜಿಲ್ಲಾಡಳಿತ, ಶಾಲೆಗಳು, ಊರಿನ ಸಂಘಗಳು ಇದನ್ನು ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.