ಹತ್ತು ದಿನದ ಅತಿಥಿ

1984ರ ಡಿಸೆಂಬರ್ ತಿಂಗಳು. ನಾನಾಗ ಬೆಂಗಳೂರಿನ ಕಾಲೇಜೊಂದಕ್ಕೆ ಹೊಸದಾಗಿ ಸೇರಿದ್ದ ಕನ್ನಡ ಅಧ್ಯಾಪಕ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಬಗ್ಗೆ ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡುತ್ತಿದ್ದೆನೇ ಹೊರತು, ಮಲೆನಾಡನ್ನು ಬಸ್ಸಿನ ಕಿಟಕಿಯಿಂದಲ್ಲದೆ ಕಂಡವನಲ್ಲ. ಇದನ್ನರಿತ ಗೆಳೆಯನೊಬ್ಬ ಸಾಗರದ ಸಮೀಪದ ತನ್ನ ಹಳ್ಳಿಗೆ ಕರೆದ. ಎರಡು ದಿನಕ್ಕೆಂದು ಹೋದವನು ಹತ್ತು ದಿನ ಉಳಿದೆ.

ಅಡಿಕೆ ತೋಟದ ಅಂಚಿನಲ್ಲಿ ಹೆಂಚಿನ ಮನೆ. ಬೆಳಗ್ಗೆ ದೋಸೆ, ಜೋನಿಬೆಲ್ಲ. ಮಧ್ಯಾಹ್ನ ದಿನಕ್ಕೊಂದು ಸೊಪ್ಪಿನ ತಂಬುಳಿ. ಗೆಳೆಯನ ತಾಯಿ, ಅಕ್ಕಿಹಿಟ್ಟು ಬೆರೆಸಿದ ಕಬ್ಬಿನ ಹಾಲನ್ನು ಬೋರಲು ಮಡಕೆಯ ಮೇಲೆ ತೊಡೆದು, ಕಾಗದದಷ್ಟು ತೆಳ್ಳಗಿನ ತೊಡೆದೇವನ್ನು ಎತ್ತಿ ಎತ್ತಿ ಬಡಿಸುತ್ತಿದ್ದರು. ಬೇಡವೆಂದರೆ, "ನಾಚಿಕೋಬೇಡಪ್ಪ, ಇದು ನಿನ್ನ ಮನೆಯೇ" ಎನ್ನುತ್ತಿದ್ದರು.

ರಾತ್ರಿ ಅಡಿಕೆ ಸುಲಿಯುವ ಕೆಲಸ. ನೆರೆಹೊರೆಯವರು ಬಂದು ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕೂರುವರು. ಸುಲಿದ ಅಡಿಕೆಯನ್ನು ಮರುದಿನ ಚೊಗರಿನಲ್ಲಿ ಬೇಯಿಸಿ ಒಣಗಲು ಹರವುವರು. ನಾನೂ ಸುಲಿಯಲು ಹೋಗಿ ಹೆಬ್ಬೆರಳು ಕುಯ್ದುಕೊಂಡೆ. ನಾಲ್ಕನೆಯ ರಾತ್ರಿಗೇ ಕೆಲಸ ಮುಗಿಯಿತು. "ಇಷ್ಟೇ ಏನು? ನಿಮ್ಮದು ನಿಶ್ಚಿಂತೆಯ ಬದುಕು" ಎಂದೆ. ಯಾರೂ ಮಾತನಾಡಲಿಲ್ಲ. ಕೊನೆಗೆ ಮುದುಕಿಯೊಬ್ಬಳು, "ಬೇರೆ ವರ್ಷ ತಿಂಗಳಾದರೂ ಮುಗಿಯೋದಿಲ್ಲ. ಈ ಸಲ ಮರದಲ್ಲಿ ಉಳಿದಿದ್ದೇ ಇಷ್ಟು" ಎಂದಳು.

ಮರುದಿನ ತೋಟದಲ್ಲಿ ಗೆಳೆಯ ಎಲ್ಲವನ್ನೂ ಹೇಳಿದ. ಮಳೆಗಾಲದ ಆರಂಭದಲ್ಲಿ ಒಮ್ಮೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣ ಹೊಡೆದಿದ್ದರು. ಸುಮಾರು ನಲವತ್ತು ದಿನದ ಮೇಲೆ ಮತ್ತೆ ಹೊಡೆಯಬೇಕು. ಮಳೆ ಬಿಡುವು ಕೊಡಲಿಲ್ಲ. ಕೊಳೆರೋಗ ತಗುಲಿ ಎಳೆಗಾಯಿಗಳೆಲ್ಲ ಉದುರಿಹೋದವು. ಅಡಿಕೆ ವರ್ಷಕ್ಕೊಂದೇ ಫಸಲು. ತಂಗಿಯ ಮದುವೆಯನ್ನೂ ಮುಂದಕ್ಕೆ ಹಾಕಿದ್ದರು.

"ನನಗೇಕೆ ಹೇಳಲಿಲ್ಲ?" ಎಂದೆ.

"ಹೇಳಿದ್ದರೆ ನೀನು ಆ ದಿನವೇ ಹೊರಟುಬಿಡುತ್ತಿದ್ದೆ. ಅಮ್ಮ ಅದನ್ನು ತಡೆದುಕೊಳ್ಳುತ್ತಿರಲಿಲ್ಲ."

ಆ ಸಂಜೆ ನಾನು ಬಟ್ಟೆ ಮಡಿಸಿಟ್ಟುಕೊಳ್ಳುವುದನ್ನು ಕಂಡ ತಾಯಿಗೆ ವಿಷಯ ತಿಳಿಯಿತು. "ತೋಟ ಮುಂದಿನ ವರ್ಷ ಕೊಟ್ಟೀತು. ಬಂದವರು ಅರ್ಧಕ್ಕೆ ಎದ್ದುಹೋದರೆ ಆ ಮಾತು ಮನೆಗೆ ಉಳಿದುಬಿಡುತ್ತೆ" ಎಂದು ಚೀಲವನ್ನು ಒಳಗಿಟ್ಟರು. ಗೋಣಿಗಟ್ಟಲೆ ಪುಸ್ತಕ ಓದಿದ್ದ ನನಗೆ, ನನ್ನ ಎಲೆಗೆ ಬೀಳುತ್ತಿದ್ದ ತುಪ್ಪದ ಬೆಲೆ ತಿಳಿದಿರಲಿಲ್ಲ.

ಬಹಳ ವರ್ಷಗಳ ಮೇಲೆ ಆ ಗೆಳೆಯನ ಮಗ ಕೆಲಸದ ಸಂದರ್ಶನಕ್ಕೆಂದು ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಇಳಿದ. ಕಾಫಿ ಕೊಡುತ್ತ, ಯಾವ ಕೆಟ್ಟ ಎಣಿಕೆಯೂ ಇಲ್ಲದೆ ಕೇಳಿದೆ: "ಎಷ್ಟು ದಿನ ಇರ್ತೀಯಪ್ಪ?" ಹುಡುಗ ಲೋಟ ಕೆಳಗಿಟ್ಟು, "ನಾಳೆಯೇ ಹೊರಡ್ತೀನಿ" ಎಂದ. ಎಷ್ಟು ಹೇಳಿದರೂ ನಿಲ್ಲಲಿಲ್ಲ.

ಬರುವುದಕ್ಕೂ ಇರುವುದಕ್ಕೂ ಗೊತ್ತಾದ ತಿಥಿಯಿಲ್ಲದವನೇ ಅತಿಥಿ ಎಂದು ಸಂಪ್ರದಾಯದವರು ಆ ಪದವನ್ನು ಬಿಡಿಸುತ್ತಾರೆ. ಮೂವತ್ತು ವರ್ಷ ತರಗತಿಯಲ್ಲಿ ನಾನೂ ಹಾಗೆಯೇ ಬಿಡಿಸಿ ಹೇಳಿದ್ದೇನೆ. ಫಸಲು ಕಳೆದುಕೊಂಡ ಆ ಮನೆಯಲ್ಲಿ ಹತ್ತು ದಿನವೂ ಯಾರೊಬ್ಬರೂ ಕೇಳದಿದ್ದ ಪ್ರಶ್ನೆಯನ್ನು, ತಿಂಗಳ ಸಂಬಳ ತಪ್ಪದ ಈ ಮನೆಯಲ್ಲಿ ನಾನು ಮೊದಲ ಲೋಟ ಕಾಫಿಯ ಜೊತೆಗೇ ಕೇಳಿಬಿಟ್ಟಿದ್ದೆ. ಆ ತಾಯಿ ಈಗಿಲ್ಲ. ಅವರ ಋಣವನ್ನು ತೀರಿಸಲು ಒದಗಿದ್ದ ಒಂದು ಅವಕಾಶವನ್ನು ನಾನೇ ಕಳೆದುಕೊಂಡೆ.