ಗ್ಯಾಲರಿಯಲ್ಲಿ ಕೂತ ರೆಫರಿಗಳು



ಸಂಸ್ಥಾಪನಾ ದಿನದ ವೇದಿಕೆಗೆ ವೈದ್ಯರನ್ನು ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಹೆದರಿಸುತ್ತಾರೆಂದು ನೀವೆಲ್ಲ ಸಿದ್ಧರಾಗಿಯೇ ಬಂದಿದ್ದೀರಿ. ಊಟಕ್ಕೆ ಮುಂಚೆ ಆ ಮಾತು ಬೇಡ, ಹೋಳಿಗೆಗೆ ಅವಮಾನ. ಇಂದು ನಾವು ಮಾತಾಡುವುದು ಫುಟ್‌ಬಾಲ್ ರೆಫರಿಯ ವಿಷಯ.

2023ರ ಮಾರ್ಚ್ 4, ಶನಿವಾರ. ರಿಯಾದಿನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಸಂತೋಷ್ ಟ್ರೋಫಿ ಫೈನಲ್, ಕರ್ನಾಟಕಕ್ಕೂ ಮೇಘಾಲಯಕ್ಕೂ. ನಮ್ಮ ರಾಜ್ಯ ಆ ಟ್ರೋಫಿ ಗೆದ್ದು 54 ವರ್ಷವಾಗಿತ್ತು. 1968-69ರಲ್ಲಿ ಗೆದ್ದಾಗ ತಂಡದ ಹೆಸರು ಇನ್ನೂ ಮೈಸೂರು. ಊರು ಬಿಟ್ಟು ಬಂದ ನಮ್ಮ ಮನೆ ಬಾಗಿಲಿಗೇ ಊರಿನ ತಂಡ ಬಂದಿರುವಾಗ ಮನೆಯಲ್ಲಿ ಕೂರುವವರು ಯಾರು? ಹಳದಿ-ಕೆಂಪು ಶಾಲು ಹೊದ್ದು ಕುಟುಂಬ ಸಮೇತ ಹೊರಟೆವು. 2018ರ ಜನವರಿಯವರೆಗೆ ಇಲ್ಲಿ ಹೆಂಗಸರಿಗೆ ಫುಟ್‌ಬಾಲ್ ಗ್ಯಾಲರಿಗೆ ಪ್ರವೇಶವೇ ಇರಲಿಲ್ಲ. ಹಾಗಾಗಿ ನಮ್ಮ ಮಗಳಿಗೆ ಅದು ಮೊದಲ ಮ್ಯಾಚ್.

ಆಟ ಶುರುವಾದ ಕೂಡಲೇ ಸುನಿಲ್ ಕುಮಾರ್ ಗೋಲು ಹೊಡೆದರು. ಆ ಸಂತೋಷ ಹತ್ತು ನಿಮಿಷ ನಿಲ್ಲಲಿಲ್ಲ, ರೆಫರಿ ಮೇಘಾಲಯಕ್ಕೆ ಪೆನಾಲ್ಟಿ ಕೊಟ್ಟರು. ನಾವು ಎದ್ದು ನಿಂತು, ಡಾಕ್ಟರೆಂಬುದನ್ನು ಮರೆತು, ಹೈಸ್ಕೂಲ್ ಮೈದಾನದ ಭಾಷೆಯಲ್ಲಿ ಅವರ ವಂಶವನ್ನೆಲ್ಲ ವಿಚಾರಿಸಿದೆವು. ಮಗಳು ಶಾಲು ಎಳೆದು ಕೇಳಿದಳು: "ಅಪ್ಪಾ, ಅಲ್ಲಿ ಏನಾಯ್ತು ಅಂತ ನಿಮಗೆ ಕಾಣಿಸ್ತಾ?"

ಕಾಣಿಸಿರಲಿಲ್ಲ. ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕು. ಆಚೆ ತುದಿಯ ಆಟಗಾರರು ನಮಗೆ ಹೆಬ್ಬೆರಳಿನಷ್ಟು.

19ನೇ ನಿಮಿಷಕ್ಕೆ ಬೇಕೆ ಒರಾಂ ಮತ್ತೆ ನಮ್ಮನ್ನು ಮುಂದೆ ತಂದರು. ವಿರಾಮಕ್ಕೆ ಮುಂಚೆ ನಮಗೊಂದು ಫ್ರೀ ಕಿಕ್ ಸಿಕ್ಕಿತು, ರಾಬಿನ್ ಯಾದವ್ ಅದ್ಭುತವಾಗಿ ಒಳಗೆ ಹಾಕಿದರು. ಆ ಫೌಲ್ ನಿಜವೋ ಅಲ್ಲವೋ ಎಂದು ನಮ್ಮ ಸಾಲಿನಲ್ಲಿ ಒಬ್ಬರಾದರೂ ಕೇಳಲಿಲ್ಲ. ಮಗಳೊಬ್ಬಳು ನಮ್ಮ ಮುಖ ನೋಡಿದಳು.

ಆಗ ನೆನಪಾದದ್ದು ಅದೇ ಮೈದಾನದ ಇನ್ನೊಂದು ರಾತ್ರಿ. 2014ರ ನವೆಂಬರ್ 1, ಏಷ್ಯನ್ ಚಾಂಪಿಯನ್ಸ್ ಲೀಗ್ ಫೈನಲಿನ ಎರಡನೇ ಪಂದ್ಯ. ಸಿಡ್ನಿಯಲ್ಲಿ 1-0 ಸೋತು ಬಂದಿದ್ದ ಅಲ್ ಹಿಲಾಲ್‌ಗೆ ಒಂದು ಗೋಲು ಬೇಕಿತ್ತು. ಮತ್ತೆ ಮತ್ತೆ ಪೆನಾಲ್ಟಿ ಕೇಳಿದರು, ಜಪಾನಿನ ರೆಫರಿ ಯೂಇಚಿ ನಿಶಿಮುರಾ ಒಂದನ್ನೂ ಕೊಡಲಿಲ್ಲ. 0-0, ಕಪ್ಪು ಆಸ್ಟ್ರೇಲಿಯಾಕ್ಕೆ ಹೋಯಿತು. ಮರುದಿನ ಓಪಿಡಿಯಲ್ಲಿ ರೋಗಿಗಳು ತಮ್ಮ ನೋವಿಗಿಂತ ರೆಫರಿಯ ಕಣ್ಣಿನ ಬಗ್ಗೆಯೇ ಹೆಚ್ಚು ಹೇಳಿದರು. ಅದೇ ವರ್ಷ ಜೂನಿನಲ್ಲಿ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಬ್ರೆಜಿಲ್‌ಗೆ ಪೆನಾಲ್ಟಿ ಕೊಟ್ಟಿದ್ದಕ್ಕೆ ಕ್ರೊಯೇಷಿಯಾದವರು ಬೈದದ್ದೂ ಇದೇ ನಿಶಿಮುರಾರನ್ನು! ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು. ನಾವು ನಮ್ಮ ಸೌದಿ ಸಹೋದ್ಯೋಗಿಗೆ ಬಹಳ ಗಂಭೀರವಾಗಿ, "ಹತ್ತಿರ ಇದ್ದವರಿಗೆ ತಾನೇ ಗೊತ್ತು?" ಎಂದು ಬುದ್ಧಿ ಹೇಳಿದ್ದೆವು. ಸೋತದ್ದು ನಮ್ಮ ತಂಡವಲ್ಲವಲ್ಲ.

ನಮ್ಮ ಕೂಗಾಟ ನಿರಪಾಯಕಾರಿ ಎಂದೂ ತಿಳಿಯಬೇಡಿ. 2002ರಲ್ಲಿ ಇಂಗ್ಲೆಂಡಿನಲ್ಲಿ ಅಲನ್ ನೆವಿಲ್ ಮತ್ತು ಸಂಗಡಿಗರು 40 ಮಂದಿ ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಿದರು, ಕೆಲವರಿಗೆ ಜನರ ಗದ್ದಲದೊಂದಿಗೆ, ಕೆಲವರಿಗೆ ಗದ್ದಲವಿಲ್ಲದೆ. ಗದ್ದಲ ಕೇಳಿದವರು ಸ್ಥಳೀಯ ತಂಡದ ಮೇಲೆ ಶೇಕಡಾ 15.5ರಷ್ಟು ಕಡಿಮೆ ಫೌಲ್ ಹಾಕಿದರು. ಡೋಸ್ ಕೊಟ್ಟಂತೆ!

ಹಾಗಾದರೆ ಗ್ಯಾಲರಿಯಿಂದ ರೆಫರಿಯನ್ನು ಅಳೆಯಲೇಬಾರದೇ? ಅಳೆಯಬಹುದು. ಅದೇ ಕೆಲಸಕ್ಕೆಂದು ಅಸೆಸರ್ ಎಂಬುವರು ಗ್ಯಾಲರಿಯಲ್ಲೇ ಕೂತು ಟಿಪ್ಪಣಿ ಬರೆಯುತ್ತಾರೆ. ಕಾಲಿಗೆ ಕಾಲು ತಾಗಿತೇ ಎಂಬುದು ಮೇಲಿನಿಂದ ಕಾಣದಿರಬಹುದು, ಆದರೆ ಸೀಟಿ ಊದಿದಾಗ ರೆಫರಿ ಎಲ್ಲಿ ನಿಂತಿದ್ದರು ಎಂಬುದು ಮೈದಾನದಲ್ಲಿರುವವರಿಗಿಂತ ಚೆನ್ನಾಗಿ ಕಾಣುತ್ತದೆ. ರೆಫರಿ ಮೈದಾನದಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಓಡುತ್ತಾರೆ, ಚೆಂಡು ತಮಗೂ ಗೆರೆಯ ಬಳಿಯ ಸಹಾಯಕರಿಗೂ ನಡುವೆ ಇರಲಿ ಎಂದು. ಸಹಾಯಕರು ಕೊನೆಯಿಂದ ಎರಡನೇ ರಕ್ಷಕನ ನೇರಕ್ಕೇ ಇರಬೇಕು, ಇಲ್ಲವಾದರೆ ಆಫ್‌ಸೈಡ್ ಹೇಳಲಾಗದು. ಫೌಲಾದರೂ ಏಟು ತಿಂದ ತಂಡಕ್ಕೆ ಲಾಭವಿದ್ದರೆ ಆಟ ಬಿಡುತ್ತಾರೆ. ಆ ಊದದ ಸೀಟಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಇದನ್ನು ನಾವು ಕಲಿತದ್ದು ಫುಟ್‌ಬಾಲಿನಿಂದಲ್ಲ. ರೆಸಿಡೆನ್ಸಿಯಲ್ಲಿ ಒಂದು ರಾತ್ರಿ ನಾವಿಬ್ಬರು ಡ್ಯೂಟಿಯಲ್ಲಿದ್ದೆವು. ವಾರ್ಡಿನಿಂದ ನರ್ಸ್ ಫೋನು ಮಾಡಿದರು, ರೋಗಿಗೆ ಉಸಿರಾಟ ಕಷ್ಟ ಎಂದು. ದಣಿದಿದ್ದ ನಾವು ಎದ್ದು ಹೋಗದೆ ಫೋನಿನಲ್ಲೇ ಇಂಜೆಕ್ಷನ್ ಹೇಳಿದೆವು. ರೋಗಿ ಉಳಿದರು. ಮನೆಯವರು ಮೈಸೂರು ಪಾಕ್ ತಂದು ಕೈ ಮುಗಿದರು. ಬೆಳಗಿನ ರೌಂಡ್ಸಿನಲ್ಲಿ ಪ್ರೊಫೆಸರು ಕೇಸ್ ಶೀಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಆಗ ಎಲ್ಲಿದ್ದಿರಪ್ಪಾ ನೀವು?" ಆ ಮೈಸೂರು ಪಾಕನ್ನು ನಾವಿಬ್ಬರೂ ಮುಟ್ಟಲಿಲ್ಲ.

ಇದನ್ನು ವಿರಾಮದಲ್ಲಿ ಮಗಳಿಗೆ ಹೇಳಿದೆವು. ಎರಡನೇ ಅರ್ಧದಲ್ಲಿ ಅವಳು ಒಂದು ಚೀಟಿಯ ಹಿಂದೆ ಪ್ರತಿ ಸೀಟಿಗೂ ರೆಫರಿ ಹತ್ತಿರವೋ ದೂರವೋ ಎಂದು ಗುರುತು ಹಾಕುತ್ತ ಕೂತಳು. ಮೇಘಾಲಯ ಇನ್ನೊಂದು ಗೋಲು ಹಾಕಿದಾಗ ನಮ್ಮ ನಾಡಿಬಡಿತ ಎಷ್ಟಿತ್ತೆಂದು ಹೇಳುವುದಿಲ್ಲ. 3-2, ಟ್ರೋಫಿ ನಮ್ಮದಾಯಿತು. ಆ ಕುಣಿತದಲ್ಲಿ ಚೀಟಿ ಎಲ್ಲೋ ಬಿದ್ದುಹೋಯಿತು. ಬಹುತೇಕ ಗುರುತುಗಳು 'ಹತ್ತಿರ' ಎಂದೇ ಇದ್ದವು. ಮೊದಲರ್ಧದ ಆ ಪೆನಾಲ್ಟಿಯನ್ನೂ ನೆನಪಿನಿಂದ ಸೇರಿಸಿದ್ದಳು, ಅದರ ಎದುರು ಬರೆದದ್ದು: 'ಅಪ್ಪ ನೋಡಿಲ್ಲ.'

ಊಟಕ್ಕೆ ತಡವಾಗುತ್ತಿದೆ.