ಕೊಂದವನು ಒಳ್ಳೆಯವನಾಗಬಲ್ಲನೆ?

(ಕಟಪಾಡಿಯಲ್ಲಿ ಶ್ರಾವಣ ಮಾಸದ ವಚನ ಚಿಂತನ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅನುಭಾವದ ಗೋಷ್ಠಿಯಲ್ಲಿ ಸಿನಿಮಾದ ಮಾತೇಕೆ ಎಂದು ಹಿರಿಯರಿಗೆ ಅನಿಸಬಹುದು. ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ, ಓದಿಗೆ ಎಂದು ಈ ಕರಾವಳಿಗೆ ಬಂದು ನೆಲೆಸಿದ ಮನೆಗಳು ನಮ್ಮವು. ನಮ್ಮ ಮಕ್ಕಳು ವಚನ ಕೇಳುವುದು ತಿಂಗಳಿಗೊಮ್ಮೆ, ಸಿನಿಮಾ ನೋಡುವುದು ದಿನಾಲೂ. ಒಳಿತು ಕೆಡುಕಿನ ಪಾಠ ಅವರಿಗೆ ಎಲ್ಲಿಂದ ಸಿಗುತ್ತಿದೆ ಎಂದು ನಾವು ಕೇಳಿಕೊಳ್ಳಲೇಬೇಕು. 'ಕೊಲೆ ಮಾಡಿದರೂ ಅವನು ಒಳ್ಳೆಯವನೇ ಅಲ್ಲವೇ?' ಎಂದು ಮನೆಯ ಹುಡುಗ ಕೇಳಿದರೆ ಗದರಿಸಿ ಸುಮ್ಮನಾಗಿಸುವುದು ಸುಲಭ. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಹೊಣೆ ನಮ್ಮದು.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಆ ಕಡೆ ಮಲ್ಪೆ, ಈ ಕಡೆ ಮಂಗಳೂರು, ನಡುವೆ ಕಟಪಾಡಿ. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014) ಮಲ್ಪೆಯ ಕಥೆ. ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ' (2021) ಮಂಗಳೂರಿನ ಮಂಗಳಾದೇವಿಯ ಕಥೆ. ಇವತ್ತು ಎರಡನೆಯದನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ. ಏಕೆಂದರೆ ಅದರಲ್ಲಿ ಕೊಲೆ ಮಾಡುವವನ ಹೆಸರೇ ಶಿವ.

ಈ ಶಿವ ಬಾವಿಯಲ್ಲಿ ಸಿಕ್ಕ ಹುಡುಗ. ದಿಕ್ಕಿಲ್ಲದವನಿಗೆ ಹರಿಯ ಮನೆ ಆಸರೆಯಾಗುತ್ತದೆ. ದೊಡ್ಡವನಾದ ಮೇಲೆ ಅವನಿಗೆ ಹಣದ ಆಸೆಯಿಲ್ಲ, ಅಧಿಕಾರದ ಆಸೆಯಿಲ್ಲ. ಓಣಿಯ ಹುಡುಗರ ಜೊತೆ ಕ್ರಿಕೆಟ್ ಆಡುತ್ತಾನೆ. ಮಾತು ಕಡಿಮೆ. ಹರಿ ಎಂದರೆ ಪ್ರಾಣ. ತನ್ನವರಿಗೆ ಕೇಡು ಮಾಡಿದವನನ್ನು ಮಾತ್ರ ಕೊಲ್ಲದೆ ಬಿಡುವುದಿಲ್ಲ. ಕೊಂದ ಮೇಲೆ ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕಿ ಕುಣಿಯುತ್ತಾನೆ. ಮಲೆಯ ಮಾದಪ್ಪನ ಜನಪದ ಹಾಡನ್ನೂ ಚಿತ್ರದಲ್ಲಿ ಬಳಸಿದ್ದಾರೆ. ಟಾಕೀಸಿನಲ್ಲಿ ಶಿಳ್ಳೆ ಬೀಳುತ್ತದೆ.

ಆ ಶಿಳ್ಳೆ ಹೊಡೆದವರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರು ಮೆಚ್ಚಿದ್ದು ಏನನ್ನು? ಉಂಡ ಮನೆಯ ಋಣ ಮರೆಯದ ಗುಣವನ್ನು. ಗೆಳೆಯನಿಗಾಗಿ ತನ್ನನ್ನೇ ಒಡ್ಡಿಕೊಳ್ಳುವ ನಿಷ್ಠೆಯನ್ನು. ಮಕ್ಕಳ ಮೇಲಿನ ಅಕ್ಕರೆಯನ್ನು. ಇವು ಒಳ್ಳೆಯ ಗುಣಗಳೇ. ಕೊಲೆಗಾರನಲ್ಲಿ ಇವೆ ಎಂದ ಮಾತ್ರಕ್ಕೆ ಇವು ಕೆಟ್ಟವಾಗುವುದಿಲ್ಲ. ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ನಿಷ್ಠೆಗೆ ಸಲ್ಲಬೇಕಾದ ಮೆಚ್ಚುಗೆಯನ್ನು ನಾವು ಕತ್ತಿಗೂ ಸಲ್ಲಿಸಿಬಿಡುತ್ತೇವೆ. 'ಪ್ರೀತಿಗಾಗಿ ಕೊಂದ, ಆದ್ದರಿಂದ ಆ ಕೊಲೆಯೂ ಒಳ್ಳೆಯದು' ಎಂಬ ಲೆಕ್ಕ ನಮಗೆ ಗೊತ್ತಾಗದಂತೆ ಮನಸ್ಸಿನಲ್ಲಿ ಬರೆದುಕೊಳ್ಳುತ್ತದೆ.

ಸಿನಿಮಾಕ್ಕೆ ಇದು ಹೇಗೆ ಸಾಧ್ಯವಾಗುತ್ತದೆ? ಕ್ಯಾಮೆರಾ ಯಾರ ಮನೆಯೊಳಗೆ ಹೋಗುತ್ತದೆ, ಯಾರ ಮನೆಯೊಳಗೆ ಹೋಗುವುದಿಲ್ಲ ಎಂಬುದನ್ನು ಗಮನಿಸಿ. ಕೊಂದವನ ಬಾಲ್ಯ ನಮಗೆ ಗೊತ್ತು. ಸತ್ತವನ ಬಾಲ್ಯ ಗೊತ್ತಿಲ್ಲ. ಅವನಿಗೂ ಊಟಕ್ಕೆ ಕಾದಿರುವ ತಾಯಿ ಇದ್ದಾಳು, ಶಾಲೆಗೆ ಹೋಗುವ ಮಗಳು ಇದ್ದಾಳು. ಆ ಮನೆಯ ಬಾಗಿಲು ತೆರೆದು ತೋರಿಸಿದರೆ ಶಿಳ್ಳೆ ಹೊಡೆಯುವ ಬಾಯಿ ಒಣಗುತ್ತದೆ. 1995ರಲ್ಲಿ ಉಪೇಂದ್ರ ನಿರ್ದೇಶಿಸಿದ, ಶಿವರಾಜಕುಮಾರ್ ನಟಿಸಿದ 'ಓಂ' ಚಿತ್ರದಿಂದ ಇಲ್ಲಿಯವರೆಗೆ ಎಷ್ಟೋ ಮಚ್ಚು ಲಾಂಗುಗಳ ಚಿತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಆ ಬಾಗಿಲು ತೆರೆಯುವುದಿಲ್ಲ.

'ಗರುಡ ಗಮನ'ದ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅದು ಕುಣಿತಕ್ಕೇ ಮುಗಿಯುವ ಚಿತ್ರವಲ್ಲ. ಹರಿ ಶಿವರ ಸ್ನೇಹ ಒಡೆಯುತ್ತದೆ. ಒಬ್ಬನಿಗಾಗಿ ಹಿಡಿದ ಕತ್ತಿ ಅವರ ನಡುವೆಯೇ ಬಂದು ನಿಲ್ಲುತ್ತದೆ. ಬ್ರಹ್ಮಯ್ಯ ಎಂಬ ಪೊಲೀಸ್ ಅಧಿಕಾರಿ, ಪಾಪದ ಮನುಷ್ಯ, ಮೇಲಿನವರ ಒತ್ತಡಕ್ಕೆ ಸಿಕ್ಕಿ ಒಬ್ಬರ ಮೇಲೊಬ್ಬರನ್ನು ಬಿಡುವ ತಂತ್ರ ಹೂಡುತ್ತಾನೆ. ತನ್ನ ಕೈಗೆ ರಕ್ತ ಹತ್ತಿಸಿಕೊಳ್ಳದೆ ಕೊಲ್ಲಿಸುವವನ ಪಾಪವೂ ಪಾಪವೇ ಎಂಬುದನ್ನು ಚಿತ್ರ ನಮ್ಮ ಮುಂದಿಡುತ್ತದೆ. ಮೊಬೈಲಿನಲ್ಲಿ ಹರಿದಾಡುವುದು ಹುಲಿಕುಣಿತದ ತುಣುಕು ಮಾತ್ರ. ಆ ತುಣುಕನ್ನೇ ನೋಡಿದ ಹುಡುಗನಿಗೆ ಪೂರ್ತಿ ಕಥೆ ಸಿಕ್ಕುವುದಿಲ್ಲ.

ಈಗ ಶರಣರ ಅಳತೆಗೋಲನ್ನು ತೆಗೆದುಕೊಳ್ಳೋಣ. ಮಾಡಬಾರದ ಏಳು ಕೆಲಸಗಳನ್ನು ಬಸವಣ್ಣನವರು ಒಂದು ವಚನದಲ್ಲಿ ಎಣಿಸಿರುವುದು ನಿಮಗೆಲ್ಲ ಬಾಯಿಪಾಠ. ಕೊಲೆ ಅಲ್ಲಿ ಕಳವಿನ ಪಕ್ಕದಲ್ಲೇ ನಿಂತಿದೆ. ಒಳಗಿನ ಶುದ್ಧಿ, ಹೊರಗಿನ ಶುದ್ಧಿ ಎರಡನ್ನೂ ಅವರು ಒಂದೇ ನಡೆಗೆ ಕಟ್ಟಿದ್ದಾರೆ. ಮನಸ್ಸು ಚೊಕ್ಕ, ಕೈ ಮಾತ್ರ ಹೊಲಸು ಎನ್ನುವ ರಿಯಾಯಿತಿ ಅಲ್ಲಿಲ್ಲ. ದಯೆಯ ವಿಷಯದಲ್ಲೂ ಹಾಗೆಯೇ. ಅವರು ಕೇಳಿದ್ದು ಎಲ್ಲ ಜೀವಿಗಳ ಮೇಲಿನ ದಯೆ. ನಮ್ಮ ಗೆಳೆಯ, ನಮ್ಮ ಓಣಿ, ನಮ್ಮ ಜಾತಿ ಎಂದು ಬೇಲಿ ಹಾಕಿಕೊಂಡ ಪ್ರೀತಿ ಬೇಲಿಯಾಚೆಗಿನವನಿಗೆ ಕತ್ತಿಯಾಗುತ್ತದೆ. ಸಿನಿಮಾದ ಶಿವನಲ್ಲಿ ಪ್ರೀತಿಯಿತ್ತು. ಆ ಪ್ರೀತಿಗೆ ಬೇಲಿಯಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಸಿನಿಮಾದವರನ್ನು ಬೈದು ಮನೆಗೆ ಹೋದಂತಾಗುತ್ತದೆ. ನಮ್ಮ ಮನೆಯ ಕಥೆಯನ್ನೂ ನೋಡಿಕೊಳ್ಳಬೇಕು. 12ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರ ಮನೆಗಳ ನಡುವೆ ಮದುವೆಯ ನಂಟು ಬೆಳೆಯಿತು. ಬಿಜ್ಜಳ ಅವರಿಬ್ಬರಿಗೂ ಘೋರ ಶಿಕ್ಷೆ ಕೊಟ್ಟ. ಆನೆಯ ಕಾಲಿಗೆ ಕಟ್ಟಿ ಎಳೆಸಿದ ಎಂಬುದು ನಾವು ಕೇಳುತ್ತ ಬಂದ ಕಥೆ. ಆಮೇಲೆ ಬಿಜ್ಜಳನ ಕೊಲೆಯಾಯಿತು. ಪಾಲ್ಕುರಿಕೆ ಸೋಮನಾಥನ ತೆಲುಗು 'ಬಸವ ಪುರಾಣ'ದಲ್ಲೂ 1369ರ ಭೀಮಕವಿಯ ಕನ್ನಡ 'ಬಸವ ಪುರಾಣ'ದಲ್ಲೂ ಅವನನ್ನು ಕೊಂದವರು ಜಗದೇವ, ಮೊಲ್ಲೆಬೊಮ್ಮ. ಗಿರೀಶ ಕಾರ್ನಾಡರ 'ತಲೆದಂಡ' ನಾಟಕದಲ್ಲಿಯೂ ಕೊಲ್ಲುವವನು ಜಗದೇವನೇ. ಇದನ್ನು ಗಣಾಚಾರವೆಂದು ಕೊಂಡಾಡಿದವರು ನಮ್ಮಲ್ಲಿ ಇದ್ದಾರೆ, ಈಗಲೂ ಇದ್ದಾರೆ.

ಜಗದೇವನ ಸಂಕಟ ನನಗೆ ಅರ್ಥವಾಗುತ್ತದೆ. ಹರಳಯ್ಯನಂಥ ಶರಣನಿಗೆ ಆದ ಗತಿಯನ್ನು ನೋಡಿ ಕುದಿಯದವನು ಕಲ್ಲು. ಆದರೆ ಆ ಕಠಾರಿಯಿಂದ ಏನು ಉಳಿಯಿತು? ಹರಳಯ್ಯ ಮರಳಿ ಬರಲಿಲ್ಲ. ಕಲ್ಯಾಣ ಉಳಿಯಲಿಲ್ಲ. ಸೈನ್ಯ ಶರಣರ ಬೆನ್ನು ಹತ್ತಿತು. ಬಸವಣ್ಣನವರು ಕೂಡಲಸಂಗಮದ ದಾರಿ ಹಿಡಿದಿದ್ದರು. ಚನ್ನಬಸವಣ್ಣನವರೂ ಸಂಗಡಿಗರೂ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿಗೆ ನಡೆದರು ಎಂದು ನಮ್ಮ ಪರಂಪರೆ ಹೇಳುತ್ತದೆ. ಇವತ್ತು ನಾವು ಇಲ್ಲಿ ಕೂತು ವಚನ ಓದುತ್ತಿದ್ದರೆ ಅದು ಕಟ್ಟು ಹೊತ್ತವರ ಪುಣ್ಯ. ಕಠಾರಿ ಹಿಡಿದವರ ಕೈಯಿಂದ ನಮಗೆ ಒಂದು ಓಲೆಯೂ ಬರಲಿಲ್ಲ. ಗಣಾಚಾರ ಎಂದರೆ ಅನ್ಯಾಯವನ್ನು ಕಂಡು ಸಹಿಸದಿರುವುದು. ಸಹಿಸದಿರುವುದಕ್ಕೆ ಎದ್ದು ನಿಂತು ಹೇಳುವ ದಾರಿಯಿದೆ, ಅಸಹಕಾರದ ದಾರಿಯಿದೆ. ಕೊಲ್ಲುವುದನ್ನೂ ಅದರೊಳಗೆ ಸೇರಿಸಿದರೆ ಪಂಚಾಚಾರದ ಉಳಿದ ನಾಲ್ಕೂ ಕುಸಿಯುತ್ತವೆ.

ಇದು ಹಳೆಯ ಕಾಲದ ಚರ್ಚೆ ಎಂದುಕೊಳ್ಳಬೇಡಿ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರು ಅವರು. ಅಂದು ಉಳವಿಗೆ ಹೊತ್ತ ಕಟ್ಟುಗಳನ್ನು ಇಂದು ನಮ್ಮ ಕಪಾಟಿಗೆ ತಂದುಕೊಟ್ಟವರಲ್ಲಿ ಒಬ್ಬರು. ಅಪರಾಧಿ ಯಾರೆಂದು ಹೇಳುವುದು ನ್ಯಾಯಾಲಯದ ಕೆಲಸ. ನಾವು ಕೇಳಿಕೊಳ್ಳಬೇಕಾದದ್ದು ಬೇರೆ. ಬಾಗಿಲು ತಟ್ಟಿ ಬಂದವನ ಕಥೆಯನ್ನೇ ಸಿನಿಮಾ ಮಾಡಿದರು ಎನ್ನಿ. ಅವನ ಬಡತನ, ಅವನ ತಾಯಿ, ಅವನ ಗೆಳೆತನ ಎಲ್ಲವನ್ನೂ ಚೆಂದಾಗಿ ತೋರಿಸಿದರು ಎನ್ನಿ. ಆಗಲೂ ನಾವು ಶಿಳ್ಳೆ ಹೊಡೆಯುತ್ತೇವೆಯೆ? ಅಲ್ಲಿ ಕೈ ತಡೆಯುತ್ತದೆ, ಏಕೆಂದರೆ ಸತ್ತವರ ಮನೆ ನಮಗೆ ಗೊತ್ತು. ಗೊತ್ತಿಲ್ಲದ ಮನೆಯ ವಿಷಯದಲ್ಲೂ ಹಾಗೆಯೇ ಕೈ ತಡೆಯಬೇಕು. ದಯೆ ಎಂದರೆ ಅಷ್ಟೇ.

ಹಾಗಾದರೆ ಕೊಲೆಗಾರನಿಗೆ ಬಾಗಿಲು ಮುಚ್ಚಿತೆ? ಇಲ್ಲ. ಶರಣರು ಯಾರಿಗೂ ಬಾಗಿಲು ಮುಚ್ಚಲಿಲ್ಲ. ಉರಿಲಿಂಗಪೆದ್ದಿಗಳು ಮೊದಲು ಕಳ್ಳರಾಗಿದ್ದರು. ಕನ್ನ ಹಾಕಲು ಹೋದ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುವುದನ್ನು ಕಂಡು ಮನ ತಿರುಗಿ ಶರಣರಾದರು, ಗುರುವಿನ ಪೀಠವನ್ನೇ ಏರಿದರು. ಆದರೆ 'ಅವರ ಕಳ್ಳತನ ಎಷ್ಟು ಸೊಗಸಾಗಿತ್ತು' ಎಂದು ನಮ್ಮ ಪರಂಪರೆ ಹಾಡಲಿಲ್ಲ. ಮನುಷ್ಯನನ್ನು ಎತ್ತಿಕೊಂಡಿತು, ಕಳವನ್ನು ಕೆಳಗಿಟ್ಟಿತು. ನನ್ನ ಉತ್ತರವೂ ಇದೇ. ಕೊಂದವನಲ್ಲಿ ಒಳ್ಳೆಯದು ಇರಬಹುದು. ಅವನು ಒಳ್ಳೆಯವನಾಗಲೂಬಹುದು. ಕತ್ತಿ ಕೆಳಗಿಟ್ಟು, ತಾನು ತೆಗೆದ ಜೀವದ ಭಾರವನ್ನು ಒಪ್ಪಿಕೊಂಡ ದಿನದಿಂದ ಆ ದಾರಿ ಶುರುವಾಗುತ್ತದೆ. ಕೊಲೆಯ ಮೂಲಕ ಆ ದಾರಿ ಇಲ್ಲ.

ತಂದೆತಾಯಂದಿರಲ್ಲಿ ನನ್ನದೊಂದು ಬಿನ್ನಹ. ಮಕ್ಕಳ ಕೈಯಿಂದ ಮೊಬೈಲ್ ಕಸಿದುಕೊಂಡು ಈ ಪಾಠ ಕಲಿಸಲಾಗದು. ಪಕ್ಕದಲ್ಲಿ ಕೂತು ನೀವೂ ಸಿನಿಮಾ ನೋಡಿ. ಮುಗಿದ ಮೇಲೆ ಕೇಳಿ: ಇವನಲ್ಲಿ ನಿನಗೆ ಹಿಡಿಸಿದ್ದು ಯಾವ ಗುಣ? ಆ ಗುಣಕ್ಕೆ ಕೊಲೆ ಬೇಕಿತ್ತೆ? ಸತ್ತವನ ಮನೆಯಲ್ಲಿ ಈಗ ಯಾರು ಅಳುತ್ತಿದ್ದಾರೆ? ಉತ್ತರ ಅವರೇ ಹೇಳಲಿ. ಹುಲಿಕುಣಿತ ಈ ನಾಡಿನ ಸಂಭ್ರಮ, ಮಕ್ಕಳು ಅದನ್ನು ಕುಣಿಯಲಿ. ಯಾರದೋ ಸಾವಿನ ಮೇಲೆ ಕುಣಿಯುವುದು ಬೇಡ.